ಜಪಾನಿ ಸ್ಟ್ರೀಟ್ ಫುಡ್ ರೆಸ್ಟೋರೆಂಟ್ ಶುರು ಮಾಡೋದು ಹೇಗೆ: ದಾಶಿಯಿಂದ ಟ್ವಿಸ್ಟ್‌ವರೆಗೆ ಸಮಗ್ರ ಮಾರ್ಗದರ್ಶಿ

"ಜಪಾನಿ ಸ್ಟ್ರೀಟ್ ಫುಡ್, ಮಾಡರ್ನ್ ಟ್ವಿಸ್ಟ್ ಜೊತೆ" ಅಂತ ಬೋರ್ಡ್ ಬರೆಸೋಕೆ ಏನೂ ಕಷ್ಟ ಇಲ್ಲ, ಕಷ್ಟ ಶುರುವಾಗೋದು ಮೆನು ಬರೆಯೋವಾಗ. ಇಂಥ ಎಷ್ಟೋ ಜಾಗಗಳಲ್ಲಿ ಮೆನು ಕೈಗೆ ತಗೊಂಡ್ರೆ ಸುಶಿ, ರಾಮೆನ್, ಪೋಕೆ ಬೌಲ್, ಥಾಯ್ ಕರಿ, ಚೀಸ್ ಫ್ರೈಸ್ ಎಲ್ಲಾ ಇರುತ್ತೆ, ಅದರ ಮಧ್ಯೆ ಎಲ್ಲೋ ಮೂಲೇಲಿ ಟಾಕೋಯಾಕಿ (ಒಳಗೆ ಆಕ್ಟೋಪಸ್ ತುಂಡು ಇಟ್ಟು ಸುಡೋ ಹಿಟ್ಟಿನ ಗುಂಡು), ಅದೂ ಫ್ರೋಜನ್ ಪ್ಯಾಕೆಟ್ ಒಡೆದು ಎಣ್ಣೇಲಿ ಬಿಟ್ಟು ತೆಗೆದದ್ದು. ಟ್ವಿಸ್ಟ್ ಅಂದ್ರೆ ಮೇಲೆ ಸ್ರಿರಾಚಾ ಮೇಯೋ ಗೀಚೋದು ಅನ್ನೋ ಹಾಗಾಗಿದೆ.

ಈ ಗೈಡ್ ಪೂರ್ತಿ ಒಂದೇ ಮಾತಿನ ಮೇಲೆ ನಿಂತಿದೆ, ಅದನ್ನ ಮೊದಲೇ ಹೇಳಿಬಿಡ್ತೀನಿ: ಒಂದು ತಿಂಡೀಲಿ ಒಂದೇ ಕಡೆ ಕೈ ಹಾಕಿ. ಹಿಟ್ಟು, ದಾಶಿ (ಪಾಚಿ, ಒಣ ಮೀನಿನಿಂದ ತೆಗೆಯೋ ತಿಳಿ ಸಾರು), ಬೆಂಕಿ ಈ ಮೂರನ್ನ ಜಪಾನ್‌ನಲ್ಲಿ ಹೇಗಿದೆಯೋ ಹಾಗೇ ಬಿಡಿ, ಒಳಗಿನ ಹೂರಣನೋ ಮೇಲಿನ ಸಾಸೋ ಬಡಿಸೋ ರೀತಿನೋ ಯಾವುದಾದ್ರೂ ಒಂದನ್ನ ಬದಲಾಯಿಸಿ. ಇದು ನಾನು ಹೊಸದಾಗಿ ಕಂಡುಹಿಡಿದ ರೂಲ್ ಏನಲ್ಲ, ಟಾಕೋಯಾಕಿ ಹುಟ್ಟಿದ್ದೇ ಹಾಗೆ. ಒಸಾಕಾದಲ್ಲಿ ಐಝುಯಾ ಅನ್ನೋ ಅಂಗಡಿ ಇಟ್ಕೊಂಡಿದ್ದ ಎಂಡೋ ತೊಮೆಕಿಚಿ ಅನ್ನೋರು ಮೊದಲು ರೇಡಿಯೋಯಾಕಿ ಅಂತ ಮಾರ್ತಿದ್ರು, ಅದರೊಳಗೆ ದನದ ಮಾಂಸ ಇರ್ತಿತ್ತು. ಪಕ್ಕದ ಆಕಾಶಿ ಊರಲ್ಲಿ ಮೊಟ್ಟೆ ಹಿಟ್ಟಿನ ಉಂಡೇಲಿ ಆಕ್ಟೋಪಸ್ ಹಾಕ್ತಾರೆ ಅಂತ ಗೊತ್ತಾದ್ಮೇಲೆ 1935ರಲ್ಲಿ ಇವರೂ ಒಳಗಿನದನ್ನ ಮಾತ್ರ ಬದಲಾಯಿಸಿದ್ರು. ಅಷ್ಟೇ. ಆಗ ಸಾಸ್ ಕೂಡ ಇರ್ಲಿಲ್ಲ, ಹಿಟ್ಟಲ್ಲೇ ರುಚಿ ಇರ್ತಿತ್ತು, ಆ ಅಂಗಡೀಲಿ ಇವತ್ತಿಗೂ ಸಾಸ್ ಇಲ್ಲದ ಟಾಕೋಯಾಕಿ ಸಿಗುತ್ತೆ.

ಹೆಜ್ಜೆ 1: ಬೀದಿ ತಿಂಡಿ ಯಾವುದು ಅಂತ ಮೊದಲು ತಿಳ್ಕೊಳ್ಳಿ

ಜಪಾನ್‌ನಲ್ಲಿ ಬೀದಿ ತಿಂಡಿ ಅಂದ್ರೆ ಮೂರು ಜಾಗ ನೆನಪಿಟ್ಕೊಳ್ಳಿ. ಒಂದು ಮತ್ಸುರಿ, ಅಂದ್ರೆ ದೇವಸ್ಥಾನದ ಜಾತ್ರೆಗಳಲ್ಲಿ ಸಾಲಾಗಿ ಹಾಕೋ ಅಂಗಡಿಗಳು, ಅಲ್ಲಿ ಯಾಕಿಸೋಬಾ (ಕಾವಲಿ ಮೇಲೆ ಹುರಿದ ನೂಡಲ್ಸ್), ಟಾಕೋಯಾಕಿ, ಮಂಜುಗಡ್ಡೆ ತುರಿದು ಮಾಡೋ ಕಾಕಿಗೋರಿ ಇತ್ಯಾದಿ. ಎರಡನೇದು ಫುಕುಓಕಾದ ಯಾತಾಯಿ, ಸಂಜೆ ಆಗ್ತಿದ್ದ ಹಾಗೆ ಗಾಡಿ ಎಳ್ಕೊಂಡು ಬಂದು ಬೀದೀಲಿ ಕಟ್ಟಿ, ಎಂಟತ್ತು ಜನ ಭುಜಕ್ಕೆ ಭುಜ ತಾಗಿಸ್ಕೊಂಡು ಕೂತು ತಿನ್ನೋದು, ಬೆಳಗ್ಗೆ ಆಗೋಷ್ಟರಲ್ಲಿ ಅಲ್ಲಿ ಏನೂ ಇರಲ್ಲ. ಮೂರನೇದು ಒಸಾಕಾದ ದೋತೊಂಬೊರಿ, ಶಿನ್ಸೆಕಾಯಿ ಕಡೆಯ ಕಿರಿದಾದ ಅಂಗಡಿಗಳು, ಕಿಟಕಿಯಿಂದಾನೇ ಕೊಡೋದು.

ಸುಶಿ, ರಾಮೆನ್‌ಗೂ ಬೀದಿ ಇತಿಹಾಸ ಇದೆ ನಿಜ, ಎಡೋ ಕಾಲದಲ್ಲಿ (1603ರಿಂದ 1868) ಸುಶಿ ಗಾಡೀಲೇ ಮಾರ್ತಿದ್ದದ್ದು, ಫುಕುಓಕಾ ಯಾತಾಯಿಗಳಲ್ಲಿ ರಾಮೆನ್ ಇವತ್ತಿಗೂ ಸಿಗುತ್ತೆ. ಆದ್ರೆ ಸಣ್ಣ ಕಿಚನ್‌ನಲ್ಲಿ ಅವೆರಡೂ ಪ್ರತ್ಯೇಕ ಲೋಕ. ಸುಶಿಗೆ ಹಸಿ ಮೀನನ್ನ ತರೋದ್ರಿಂದ ಬಡಿಸೋವರೆಗೂ ತಣ್ಣಗೇ ಇಡೋ ವ್ಯವಸ್ಥೆ ಬೇಕು, ರಾಮೆನ್‌ಗೆ ಗಂಟೆಗಟ್ಟಲೆ ಕುದಿಯೋ ಸಾರು ಬೇಕು. ಎರಡನ್ನೂ ಬಿಟ್ಟುಬಿಡಿ ಅನ್ನೋದೇ ನನ್ನ ಸಲಹೆ, ಎಷ್ಟು ಜನ ಕೇಳಿದ್ರೂ.

ಇನ್ನೊಂದು ವಿಷ್ಯ. ಸ್ಟ್ರೀಟ್ ಫುಡ್ ಅಂದ ತಕ್ಷಣ ನಡ್ಕೊಂಡು ತಿನ್ನೋ ಚಿತ್ರ ಬರುತ್ತಲ್ಲ, ಜಪಾನ್‌ನಲ್ಲಿ ಅದು ಅಷ್ಟೊಂದು ಒಪ್ಪಿತ ಅಲ್ಲ. ಕಾಮಕುರಾ ನಗರದವರು 2019ರಲ್ಲಿ ಜನಸಂದಣಿಯಲ್ಲಿ ನಡೀತಾ ತಿನ್ನಬೇಡಿ ಅಂತ ನಿಯಮಾನೇ ಮಾಡಿದ್ರು, ದಂಡ ಇಲ್ಲ, ಬರೀ ವಿನಂತಿ. ಜನ ತಗೊಂಡು ಅಂಗಡಿ ಮುಂದೇನೇ ನಿಂತು ತಿಂದು, ಕಸ ಅಲ್ಲೇ ವಾಪಸ್ ಕೊಟ್ಟು ಹೋಗ್ತಾರೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ನಿಮ್ಮ ಜಾಗದ ಲೇಔಟ್ ಇದರ ಮೇಲೇನೇ ನಿಲ್ಲುತ್ತೆ: ಬೆಂಕಿ ಮುಂದೆ, ಅದರ ಎದುರಿಗೆ ನಿಂತು ತಿನ್ನೋ ಕೌಂಟರ್, ಟೇಬಲ್‌ಗಳು ಆಮೇಲೆ.

ಹೆಜ್ಜೆ 2: ಎರಡು ಬೆಂಕಿ, ಹತ್ತು ಐಟಂ

ಮೆನು ತಿಂಡಿಯಿಂದ ಶುರು ಮಾಡಬೇಡಿ, ಬೆಂಕಿಯಿಂದ ಶುರು ಮಾಡಿ. ಕಬ್ಬಿಣದ ಕಾವಲಿ, ಎಣ್ಣೆ ಬಾಣಲೆ, ಇದ್ದಿಲು ಈ ಮೂರರಲ್ಲಿ ಎರಡನ್ನ ಆರಿಸಿ. ಕಾವಲಿ ಇದ್ರೆ ಒಕೊನೊಮಿಯಾಕಿ (ಎಲೆಕೋಸಿನ ದಪ್ಪ ದೋಸೆ), ಯಾಕಿಸೋಬಾ, ಟಾಕೋಯಾಕಿ. ಎಣ್ಣೆ ಇದ್ರೆ ಕರಾಗೆ (ಕರಿದ ಚಿಕನ್ ತುಂಡು), ಕೊರೊಕ್ಕೆ (ಆಲೂಗಡ್ಡೆ ಕ್ರೋಕೆಟ್), ಕುಶಿಕಾತ್ಸು (ಕಡ್ಡಿಗೆ ಚುಚ್ಚಿ ಕರಿದದ್ದು). ಇದ್ದಿಲಾದ್ರೆ ಯಾಕಿಟೋರಿ (ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ). ಮೊದಲ ಸಲ ಶುರು ಮಾಡೋರಿಗೆ ಕಾವಲಿ ಮತ್ತು ಎಣ್ಣೆ ಸಾಕು.

ಇದ್ದಿಲಿನ ಆಸೆ ಎಲ್ಲರಿಗೂ ಇರುತ್ತೆ, ಬಿಂಚೋತಾನ್ ಅಂತ ವಾಕಾಯಾಮಾ ಕಡೆಯ ಉಬಾಮೆ ಓಕ್ ಮರದ ಗಟ್ಟಿ ಇದ್ದಿಲು, ಒಂದಕ್ಕೊಂದು ತಾಗಿಸಿದ್ರೆ ಲೋಹದ ತರ ಟಿಣ್ ಅನ್ನುತ್ತೆ, ಹೊಗೆ ಕಮ್ಮಿ, ಗಂಟೆಗಟ್ಟಲೆ ಉರಿಯುತ್ತೆ. ಹೊಗೆ ಕಮ್ಮಿ ಅನ್ನೋದೇ ಅಪಾಯ ನೋಡಿ, ಕಣ್ಣಿಗೆ ಏನೂ ಕಾಣ್ಸಲ್ಲ ಆದ್ರೆ ಕಾರ್ಬನ್ ಮೊನಾಕ್ಸೈಡ್ ಬರ್ತಾನೇ ಇರುತ್ತೆ, ಸರಿಯಾದ ಎಕ್ಸಾಸ್ಟ್ ಮತ್ತು ಹೊಸ ಗಾಳಿ ಬರೋ ದಾರಿ ಇಲ್ಲದೆ ಒಳಗೆ ಹಚ್ಚಲೇಬಾರದು. ಕಟ್ಟಡದ ಓನರ್ ಹತ್ರ, ಫೈರ್ ಡಿಪಾರ್ಟ್‌ಮೆಂಟ್ ಹತ್ರ ಒಪ್ಪಿಗೆ ಸಿಗೋ ಮೊದಲು ಗ್ರಿಲ್‌ಗೆ ಅಡ್ವಾನ್ಸ್ ಕೊಡಬೇಡಿ.

ಐಟಂ ಎಷ್ಟು ಇರ್ಬೇಕು? ಹತ್ತು, ಬಹಳ ಅಂದ್ರೆ ಹನ್ನೆರಡು. ಎಲೆಕೋಸು, ಈರುಳ್ಳಿ ಸೊಪ್ಪು, ಕೆಂಪು ಶುಂಠಿ ಉಪ್ಪಿನಕಾಯಿ (ಬೆನಿ ಶೋಗಾ), ಸಾಸ್, ಮೇಯೋ, ಆಓನೋರಿ ಅನ್ನೋ ಹಸಿರು ಪಾಚಿ ಪುಡಿ, ಕತ್ಸುಓಬುಶಿ (ಒಣಗಿಸಿ ತೆಳ್ಳಗೆ ಹೆರೆದ ಮೀನಿನ ಚೂರು) ಈ ಏಳು ಸಾಮಾನಲ್ಲಿ ಹೆಚ್ಚಿನವು ಟಾಕೋಯಾಕಿ, ಒಕೊನೊಮಿಯಾಕಿ, ಯಾಕಿಸೋಬಾ ಮೂರಕ್ಕೂ ಬೇರೆ ಬೇರೆ ಲೆಕ್ಕದಲ್ಲಿ ಬರುತ್ತೆ, ಅದಕ್ಕೇ ಸ್ಟಾಕ್ ಕೆಡೋ ಭಯ ಕಮ್ಮಿ.

ಹೆಜ್ಜೆ 3: ದಾಶಿ

ಗಿರಾಕಿ ಕಣ್ಣಿಗೆ ಕಾಣದೇ ಇರೋದು ಇದೊಂದೇ, ಆದ್ರೆ ನಿಮ್ಮ ಟಾಕೋಯಾಕಿ ಮೈದಾ ಉಂಡೆ ತರ ಇದೆಯೋ ಇಲ್ವೋ ಅನ್ನೋದನ್ನ ನಿರ್ಧರಿಸೋದು ಇದೇ. 1908ರಲ್ಲಿ ಕಿಕುನಾಯೆ ಇಕೆದಾ ಅನ್ನೋ ರಸಾಯನಶಾಸ್ತ್ರಜ್ಞ ಕೊಂಬು ಪಾಚಿಯಲ್ಲಿರೋ ಗ್ಲುಟಮೇಟ್‌ನಿಂದಾನೇ ಆ ರುಚಿ ಬರೋದು ಅಂತ ತೋರಿಸಿ ಅದಕ್ಕೆ ಉಮಾಮಿ ಅಂತ ಹೆಸರಿಟ್ರು, 1913ರಲ್ಲಿ ಅವರ ಶಿಷ್ಯ ಶಿಂಟಾರೊ ಕೊದಾಮಾ ಕತ್ಸುಓಬುಶಿಯಲ್ಲಿ ಇನೊಸಿನೇಟ್ ಕಂಡುಹಿಡಿದ್ರು. ಎರಡೂ ಬೇರೆ ಬೇರೆ ಇದ್ದಾಗ ಇರೋ ರುಚಿಗಿಂತ ಒಟ್ಟಿಗೆ ಸೇರಿದಾಗ ಎಷ್ಟೋ ಪಟ್ಟು ಜಾಸ್ತಿ ಆಗುತ್ತೆ, ಅದಕ್ಕೇ ದಾಶೀಲಿ ಎರಡೂ ಇರೋದು.

ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು ಹಾಕಿ ಅರ್ಧ ಗಂಟೆ ನೆನೆಸಿ. ಮೇಲಿನ ಬಿಳಿ ಪುಡಿ ತೊಳೆದು ತೆಗೀಬೇಡಿ, ಅದು ರುಚಿನೇ, ಒದ್ದೆ ಬಟ್ಟೇಲಿ ಧೂಳು ಒರೆಸಿದ್ರೆ ಸಾಕು. ಸಣ್ಣ ಉರೀಲಿ ಹತ್ತು ನಿಮಿಷ ನಿಧಾನಕ್ಕೆ ಬಿಸಿ ಮಾಡಿ, ಪಾತ್ರೆ ಅಂಚಲ್ಲಿ ಸಣ್ಣ ಸಣ್ಣ ಗುಳ್ಳೆ ಕಾಣಿಸ್ಕೊಂಡ ತಕ್ಷಣ ಕೊಂಬು ತೆಗೆದುಬಿಡಿ, ಕುದ್ರೆ ಲೋಳೆ ಬಿಟ್ಟು ಕಹಿ ಆಗುತ್ತೆ. ಆಮೇಲೆ ನೀರು ಕುದಿಸಿ, ಉರಿ ಆರಿಸಿ, 20ರಿಂದ 30 ಗ್ರಾಂ ಕತ್ಸುಓಬುಶಿ ಹಾಕಿ ಒಂದೆರಡು ನಿಮಿಷ ಬಿಟ್ಟು ಸೋಸಿ. ಹಿಂಡಬೇಡಿ. ಉಳಿದ ಕೊಂಬು ಮತ್ತು ಕತ್ಸುಓಬುಶಿಯನ್ನ ಇನ್ನೊಂದ್ಸಲ ಅರ್ಧ ನೀರಲ್ಲಿ ಹತ್ತು ನಿಮಿಷ ಕುದಿಸಿದ್ರೆ ಎರಡನೇ ದಾಶಿ ಬರುತ್ತೆ, ಹಿಟ್ಟು ಕಲಸೋಕೆ ಇದೇ ಸಾಕು, ಮೊದಲನೇದನ್ನ ಸಾರು, ಅದ್ದಿ ತಿನ್ನೋ ಪ್ಲೇಟ್‌ಗಳಿಗೆ ಇಟ್ಕೊಳ್ಳಿ. ಎರಡು ದಿನಕ್ಕಿಂತ ಜಾಸ್ತಿ ಫ್ರಿಜ್‌ನಲ್ಲಿ ಇಡಬೇಡಿ.

ಪೌಡರ್ ದಾಶಿ ಬಳಸಬಹುದಾ ಅಂತ ಕೇಳೋರಿಗೆ: ಬಳಸಬಹುದು, ಜಪಾನ್ ಮನೆಗಳಲ್ಲೂ ಅದೇ ನಡೆಯೋದು, ನಾಚಿಕೆ ಪಡೋ ವಿಷ್ಯ ಅಲ್ಲ. ಆದ್ರೆ ಅದ್ರಲ್ಲಿ ಉಪ್ಪು ಇರುತ್ತೆ, ಹಿಟ್ಟಿಗೆ ಮತ್ತೆ ಉಪ್ಪು, ಸೋಯಾ ಸಾಸ್ ಹಾಕೋವಾಗ ಲೆಕ್ಕ ತಪ್ಪುತ್ತೆ. ಟಾಕೋಯಾಕಿ ಅದ್ದಿ ತಿನ್ನೋ ಸಾರಿಗೆ ಮಾತ್ರ ಪೌಡರ್ ಬೇಡ, ಗೊತ್ತಾಗಿಬಿಡುತ್ತೆ.

ಹೆಜ್ಜೆ 4: ಟಾಕೋಯಾಕಿ, ಇಲ್ಲಿ ಟೈಮ್ ಕೊಡಿ

ನಿಮ್ಮ ಅಂಗಡಿ ಮುಖ ಇದೇ. ಬೀದಿಯಿಂದ ಹೋಗೋರು ನಿಲ್ಲೋದು ಕಡ್ಡಿ ಹಿಡಿದು ಗುಂಡು ತಿರುಗಿಸೋ ಕೈ ನೋಡಿ, ಬೋರ್ಡ್ ನೋಡಿ ಅಲ್ಲ.

ಹಿಟ್ಟು: 100 ಗ್ರಾಂ ಮೈದಾ, 450 ಮಿಲಿ ತಣ್ಣನೆ ದಾಶಿ, ಒಂದು ಮೊಟ್ಟೆ, ಒಂದು ಚಮಚ ಸೋಯಾ ಸಾಸ್, ಚಿಟಿಕೆ ಉಪ್ಪು. ನೋಡಿದ್ರೆ ಇಷ್ಟು ನೀರಾಗಿದೆಯಲ್ಲ ಅಂತ ಹೆದರ್ತೀರ, ಹಾಲಿನಷ್ಟು ತೆಳ್ಳಗೇ ಇರ್ಬೇಕು. ಗಟ್ಟಿ ಮಾಡಿದ್ರೆ ತಿರುಗಿಸೋಕೆ ಸುಲಭ, ಆದ್ರೆ ಒಳಗೆ ಬ್ರೆಡ್ ತರ ಆಗುತ್ತೆ. ಒಸಾಕಾದವರು ಬಯಸೋದು ಹೊರಗೆ ತೆಳು ಪೊರೆ, ಒಳಗೆ ಕ್ರೀಮ್ ತರ ಹರಿಯೋ ಬಿಸಿ. ಕಲಸಿ ಒಂದು ಗಂಟೆ ಫ್ರಿಜ್‌ನಲ್ಲಿ ಇಡಿ, ಬಳಸೋ ಪ್ರತಿ ಸಲ ತಳದಿಂದ ಕದಡಿ, ಯಾಕಂದ್ರೆ ಹಿಟ್ಟು ಕೆಳಗೆ ಕೂತ್ಕೊಳ್ಳುತ್ತೆ. ಈ ಅಳತೆಗೆ 20ರಿಂದ 24 ಗುಂಡು ಬರುತ್ತೆ.

ಗುಳಿ 4 ಸೆಂಟಿಮೀಟರ್ ಅಗಲದ ಕಬ್ಬಿಣದ ಕಾವಲಿ ತಗೊಳ್ಳಿ. ತಾಮ್ರದ್ದೂ ಸಿಗುತ್ತೆ, ಬಿಸಿ ಸಮವಾಗಿ ಹರಡುತ್ತೆ ಅಂತ ಒಸಾಕಾದ ಕೆಲವು ಹಳಬರು ಅದನ್ನೇ ಇಷ್ಟಪಡ್ತಾರೆ, ಆದ್ರೆ ಹೊಸಬರಿಗೆ ಕಬ್ಬಿಣ ಸಾಕು, ನಾನ್‌ಸ್ಟಿಕ್ ಮಾತ್ರ ಬೇಡ, ದಿನಾ ಲೋಹದ ಕಡ್ಡಿ ಆಡಿದ್ರೆ ಕೋಟಿಂಗ್ ತಡೆಯಲ್ಲ.

ಈಗ ಮಾಡೋದು. ಕಾವಲಿ ಹೊಗೆಯಾಡೋಕೆ ಶುರುವಾಗೋವರೆಗೂ ಕಾಯಿಸಿ, 200 ಡಿಗ್ರಿ ಮೇಲಿರ್ಬೇಕು, ಎಣ್ಣೆ ಧಾರಾಳವಾಗಿ ಬಳಿಯಿರಿ, ಗುಳಿ ಒಳಗಷ್ಟೇ ಅಲ್ಲ ಮಧ್ಯದ ಸಮತಟ್ಟು ಜಾಗಕ್ಕೂ. ಹಿಟ್ಟು ಸುರಿಯಿರಿ, ಗುಳಿ ತುಂಬಿ ಚೆಲ್ಲಿ ಕಾವಲಿ ಪೂರ್ತಿ ಆವರಿಸೋ ಹಾಗೆ. ಹೊಸಬರು ಇಲ್ಲೇ ಜಿಪುಣತನ ಮಾಡೋದು, ಗುಳಿಗಷ್ಟೇ ಲೆಕ್ಕ ಹಾಕಿ ಸುರೀತಾರೆ, ಅರ್ಧ ಚಂದ್ರ ಬರುತ್ತೆ, ಗುಂಡು ಬರಲ್ಲ. ಪ್ರತಿ ಗುಳಿಗೆ ಬೇಯಿಸಿದ ಆಕ್ಟೋಪಸ್ ಒಂದು ತುಂಡು, ಒಂದೂವರೆ ಸೆಂಟಿಮೀಟರ್‌ನಷ್ಟು, ಆಮೇಲೆ ಎಲ್ಲದರ ಮೇಲೂ ತೆಂಕಾಸು (ಟೆಂಪುರ ಹಿಟ್ಟಿನ ಗರಿಗರಿ ಚೂರು), ಬೆನಿ ಶೋಗಾ, ಈರುಳ್ಳಿ ಸೊಪ್ಪು ಉದುರಿಸಿ.

ಎರಡು ಮೂರು ನಿಮಿಷ ಕೈ ಕಟ್ಕೊಂಡಿರಿ. ಅಂಚು ಬಿಳಿಯಾಗಿ ಗಟ್ಟಿ ಆದ್ಮೇಲೆ ಕಡ್ಡಿಯಿಂದ ಗುಳಿಗಳ ಮಧ್ಯೆ ಚೌಕ ಗೆರೆ ಎಳೆದು ಹಿಟ್ಟು ಕತ್ತರಿಸಿ, ಗುಂಡಿನ ಅಂಚಿಗೆ ಕಡ್ಡಿ ಹಾಕಿ ಕಾಲು ಸುತ್ತು ತಿರುಗಿಸಿ. ಪೂರ್ತಿ ಅಲ್ಲ, ಕಾಲು ಸುತ್ತು ಮಾತ್ರ, ಆಗ ಒಳಗಿನ ಹಸಿ ಹಿಟ್ಟು ಕೆಳಗೆ ಹರಿದು ಹೊಸ ಗೋಡೆ ಕಟ್ಟುತ್ತೆ. ಸುತ್ತ ಬಿದ್ದಿರೋ ಚೂರುಗಳನ್ನೆಲ್ಲ ಒಳಗೆ ತುರುಕಿ, ಒಂದು ನಿಮಿಷ ಬಿಟ್ಟು ಇನ್ನೊಂದು ತಿರುವು, ಅಲ್ಲಿಗೆ ಗುಂಡು ಮುಚ್ಕೊಳ್ಳುತ್ತೆ. ಅಲ್ಲಿಂದ ಸುಮ್ನೆ ಸುತ್ತಿಸ್ತಾ ಇರಿ, ಅಂಚಿನ ಗುಳಿಗಳಲ್ಲಿ ಬಿಸಿ ಕಮ್ಮಿ ಇರುತ್ತೆ, ಅಲ್ಲಿರೋದನ್ನ ಮಧ್ಯಕ್ಕೆ, ಮಧ್ಯದ್ದನ್ನ ಅಂಚಿಗೆ ಬದಲಾಯಿಸಿ. ಕೊನೇ ನಿಮಿಷದಲ್ಲಿ ಒಂಚೂರು ಎಣ್ಣೆ ಹನಿಸಿದ್ರೆ ಹೊರಗೆ ಗರಿ ಬರುತ್ತೆ. ಕಡ್ಡೀಲಿ ಮುಟ್ಟಿದಾಗ ಹಗುರಾಗಿ ತಾನೇ ತಿರುಗಿದ್ರೆ ಆಯ್ತು. ಒಟ್ಟು ಹತ್ತು ನಿಮಿಷ.

ಮೇಲೆ ಸಾಸ್, ಮೇಯೋ, ಆಓನೋರಿ, ಕೊನೆಗೆ ಕತ್ಸುಓಬುಶಿ. ಆ ತೆಳು ಚೂರುಗಳು ಹಬೆ ತಾಗಿದ ಕೂಡ್ಲೇ ಸುರುಳಿ ಸುತ್ಕೊಂಡು ಕುಣಿಯುತ್ತಲ್ಲ, ಜನ ಫೋನ್ ತೆಗೆಯೋದು ಅದಕ್ಕೇ, ಅದು ತಣ್ಣಗಾದ ಪ್ಲೇಟ್ ಮೇಲೆ ನಡೆಯಲ್ಲ. ಹಾಗಾಗಿ ಕತ್ಸುಓಬುಶಿಯನ್ನ ಕಿಚನ್ ಒಳಗೆ ಹಾಕಬೇಡಿ, ಗಿರಾಕಿ ಕಣ್ಣೆದುರಿಗೆ ಹಾಕಿ. ಜೊತೆಗೆ ಒಳಗೆ ಸುಡುತ್ತೆ ಅಂತ ಬಾಯಿಬಿಟ್ಟು ಹೇಳಿ, ಮೊದಲ ಸಲ ತಿನ್ನೋರು ಇಡೀ ಗುಂಡು ಬಾಯಿಗೆ ಹಾಕ್ಕೊಂಡು ನಾಲಿಗೆ ಸುಟ್ಕೊಳ್ಳೋದು ಗ್ಯಾರಂಟಿ.

ಲೆಕ್ಕ ಒಂದು ಮಾಡ್ಕೊಳ್ಳಿ. 24 ಗುಳಿ ಕಾವಲಿ, ಪ್ಲೇಟ್‌ಗೆ 6, ಅಂದ್ರೆ ಹತ್ತು ನಿಮಿಷಕ್ಕೆ 4 ಪ್ಲೇಟ್, ಗಂಟೆಗೆ ಹೆಚ್ಚೆಂದ್ರೆ 24. ನಿಜದಲ್ಲಿ ಕಾವಲಿ ಒರೆಸೋದು, ಎಣ್ಣೆ ಬಳಿಯೋದು ಎಲ್ಲಾ ಸೇರಿ 20 ಆಗ್ಬಹುದು. ಸಂಜೆ ರಶ್‌ಗೆ ಇದು ಸಾಲಲ್ಲ, ಎರಡು ಕಾವಲಿ ಇಟ್ಟು ಐದು ನಿಮಿಷದ ಅಂತರದಲ್ಲಿ ಶುರು ಮಾಡಿದ್ರೆ ಯಾರೂ ಹತ್ತು ನಿಮಿಷ ಕಾಯ್ಬೇಕಾಗಲ್ಲ.

ಹೆಜ್ಜೆ 5: ಒಕೊನೊಮಿಯಾಕಿ

ಇದ್ರಲ್ಲಿ ಎರಡು ದೊಡ್ಡ ಪಂಗಡ. ಒಸಾಕಾದಲ್ಲಿ ಎಲ್ಲಾ ಕಲಸಿ ಹುಯ್ತಾರೆ, ಹಿರೋಶಿಮಾದಲ್ಲಿ ತೆಳು ದೋಸೆ ಹುಯ್ದು ಅದರ ಮೇಲೆ ಕೋಸಿನ ಗುಡ್ಡ, ಮೊಳಕೆ, ಹಂದಿ ಮಾಂಸ, ನೂಡಲ್ಸ್, ಮೊಟ್ಟೆ ಅಂತ ಪದರ ಪದರವಾಗಿ ಕಟ್ತಾರೆ. ಯಾವುದು ಮೇಲು ಅಂತ ಆ ಎರಡು ಊರಿನವರ ಮುಂದೆ ಕೇಳೋಕೆ ಹೋಗ್ಬೇಡಿ. ಕ್ಯಾಶುಯಲ್ ಜಾಗಕ್ಕೆ ಒಸಾಕಾದ್ದು ವಾಸಿ, ಹಿರೋಶಿಮಾದ್ದಕ್ಕೆ ಕಾವಲಿ ಮೇಲೆ ಜಾಗನೂ ಜಾಸ್ತಿ, ಕೈಯೂ ಪಳಗಿರ್ಬೇಕು.

ಒಬ್ಬರಿಗೆ 150 ಗ್ರಾಂ ಎಲೆಕೋಸು, 50 ಗ್ರಾಂ ಮೈದಾ, 60 ಮಿಲಿ ದಾಶಿ, ಒಂದು ಮೊಟ್ಟೆ, ಎರಡು ಚಮಚ ತುರಿದ ನಗಾಇಮೋ ಗೆಣಸು. ಈ ಗೆಣಸಿನ ಲೋಳೆನೇ ಒಳಗೆ ಗಾಳಿ ಹಿಡಿದು ಮೆತ್ತಗೆ ಇಡೋದು, ತುರಿಯೋವಾಗ ಕೈ ಕೆರೆಯುತ್ತೆ, ಗ್ಲೌಸ್ ಹಾಕ್ಕೊಳ್ಳಿ. ಕೋಸು ಒದ್ದೆ ಇರಬಾರದು. ಆರ್ಡರ್ ಬಂದ್ಮೇಲೇನೇ ಒಬ್ಬೊಬ್ಬರಿಗೆ ಬೇರೆ ಬಟ್ಟಲಲ್ಲಿ ಕಲಸಿ, ಅದೂ ಕೆಳಗಿಂದ ಮೇಲಕ್ಕೆ ಹತ್ತು ಹದಿನೈದು ಸಲ ಅಷ್ಟೇ. ಬೆಳಗ್ಗೆನೇ ಬಕೆಟ್ ತುಂಬ ಕಲಸಿಟ್ರೆ ಕೋಸು ನೀರು ಬಿಟ್ಟು ಎಲ್ಲಾ ಅಂಟಂಟು. 200 ಡಿಗ್ರಿ ಕಾವಲಿ ಮೇಲೆ ಎರಡು ಸೆಂಟಿಮೀಟರ್ ದಪ್ಪಕ್ಕೆ ಹಾಕಿ, ಮೇಲೆ ಹಂದಿ ಹೊಟ್ಟೆ ಭಾಗದ ತೆಳು ಹಾಳೆ ಹರಡಿ, ನಾಲ್ಕು ನಿಮಿಷ, ಮಗುಚಿ, ಮುಚ್ಚಳ ಹಾಕಿ ಐದು ನಿಮಿಷ, ಮತ್ತೆ ಮಗುಚಿ ಎರಡು ನಿಮಿಷ. ಮಗುಚಿದ್ಮೇಲೆ ಸೌಟಿಂದ ಒತ್ತೋ ಚಟ ಎಲ್ಲರಿಗೂ ಇರುತ್ತೆ. ಒತ್ತಬೇಡಿ, ಗಾಳಿ ಎಲ್ಲಾ ಹೋಗುತ್ತೆ.

ಸಾಸ್ ವಿಷ್ಯ: ಮೊದಲೆಲ್ಲ ತೆಳ್ಳಗಿನ ವುಸ್ಟರ್ ಸಾಸ್ ಹಾಕಿದ್ರೆ ಒಕೊನೊಮಿಯಾಕಿ ಮೇಲಿಂದ ಜಾರಿ ಕಾವಲಿಗೆ ಬೀಳ್ತಿತ್ತು, ಹಿರೋಶಿಮಾದ ಒತಾಫುಕು ಕಂಪನಿ 1952ರಲ್ಲಿ ಗಟ್ಟಿ ಸಾಸ್ ತಂದ್ಮೇಲೆ ಆ ತಾಪತ್ರಯ ತಪ್ಪಿದ್ದು, ಅದರ ಸಿಹಿಗೆ ಖರ್ಜೂರ ಬಳಸ್ತಾರೆ. ಸಿಗದಿದ್ರೆ ವುಸ್ಟರ್ ಸಾಸ್ 3 ಭಾಗ, ಕೆಚಪ್ 2, ಸೋಯಾ ಸಾಸ್ 1, ಸಕ್ಕರೆ 1, ಜೊತೆಗೆ ಅರೆದ ಖರ್ಜೂರ ಸೇರಿಸಿ ಸಣ್ಣಗೆ ಕುದಿಸಿದ್ರೆ ಹತ್ರ ಬರುತ್ತೆ. ಮೇಯೋಗೆ ಕ್ಯೂಪಿ, 1925ರಿಂದ ಇರೋ ಬ್ರ್ಯಾಂಡ್, ಜಪಾನ್‌ನಲ್ಲಿ ಮಾಡೋದಕ್ಕೆ ಮೊಟ್ಟೆಯ ಹಳದಿ ಭಾಗ ಮಾತ್ರ ಹಾಕ್ತಾರೆ, ಸಾದಾ ಮೇಯೋ ಅದರ ಜಾಗ ತುಂಬಲ್ಲ.

ಒಕೊನೊಮಿಯಾಕಿಗೆ ಯಾಕಿಸೋಬಾ ನೂಡಲ್ಸ್ ಸೇರಿಸಿ ಬೇಯಿಸಿದ್ರೆ ಅದಕ್ಕೆ ಒಸಾಕಾ ಕಡೆ ಮೋದನ್‌ಯಾಕಿ ಅಂತಾರೆ, ಹೊಟ್ಟೆ ತುಂಬೋ ಐಟಂ ಬೇಕು ಅನ್ನೋರಿಗೆ ಇದನ್ನ ಮೆನುವಿಗೆ ಹಾಕಿ, ಹೊಸ ಸಾಮಾನು ಏನೂ ತರಬೇಕಿಲ್ಲ.

ಹೆಜ್ಜೆ 6: ಕರಾಗೆ, ಕಡ್ಡಿಗೆ ಚುಚ್ಚಿದ್ದು

ಕರಾಗೆಗೆ ಚಿಕನ್ ತೊಡೆ ಮಾಂಸ, ಚರ್ಮ ಸಮೇತ, 30 ಗ್ರಾಂ ತುಂಡು. ಸೋಯಾ ಸಾಸ್, ಸಾಕೆ (ಅಕ್ಕಿಯಿಂದ ಮಾಡೋ ಮದ್ಯ), ಶುಂಠಿ, ಬೆಳ್ಳುಳ್ಳೀಲಿ ಅರ್ಧ ಗಂಟೆ, ರಾತ್ರಿಯಿಡೀ ಬೇಡ, ಉಪ್ಪು ಎಳ್ಕೊಂಡು ಗಟ್ಟಿ ಆಗುತ್ತೆ. ಹೊರಗೆ ಆಲೂಗಡ್ಡೆ ಪಿಷ್ಟ, ಜಪಾನ್‌ನವರು ಕತಾಕುರಿಕೊ ಅಂತಾರೆ. 160 ಡಿಗ್ರೀಲಿ ಮೂರು ನಿಮಿಷ, ತೆಗೆದು ನಾಲ್ಕು ನಿಮಿಷ ಜಾಲರಿ ಮೇಲೆ, ಆಗ ಒಳಗಿನ ಬಿಸಿಯಲ್ಲೇ ಬೇಯ್ತಾ ಇರುತ್ತೆ, ಮತ್ತೆ 190 ಡಿಗ್ರೀಲಿ ಒಂದು ನಿಮಿಷ. ಒಳಗೆ 75 ಡಿಗ್ರಿ ಮುಟ್ಟಿದೆಯಾ ಅಂತ ಥರ್ಮಾಮೀಟರ್ ಚುಚ್ಚಿ ನೋಡಿ. ರಶ್ ಟೈಮಲ್ಲಿ ಈ ಎರಡು ಸಲ ಕರಿಯೋದು ವರದಾನ, ಮೊದಲ ಸುತ್ತು ಸ್ವಲ್ಪ ಮುಂಚೆ ಮಾಡಿಟ್ರೆ ಆರ್ಡರ್‌ಗೆ ಒಂದೇ ನಿಮಿಷ.

ಕುಶಿಕಾತ್ಸು ಇಟ್ರೆ ಒಂದು ಎಚ್ಚರಿಕೆ. ಶಿನ್ಸೆಕಾಯಿ ಅಂಗಡಿಗಳಲ್ಲಿ ಎಲ್ಲರಿಗೂ ಒಂದೇ ಸಾಸ್ ಡಬ್ಬಿ, ಕಚ್ಚಿದ ಕಡ್ಡಿ ಎರಡನೇ ಸಲ ಅದ್ದಬಾರದು ಅಂತ ದೊಡ್ಡ ಬೋರ್ಡ್ ಇರ್ತಿತ್ತು. ಕೋವಿಡ್ ಬಂದ್ಮೇಲೆ ಅಲ್ಲೇ ಎಷ್ಟೋ ಕಡೆ ಬಾಟಲಿ ಸಾಸ್‌ಗೆ ಬದಲಾದ್ರು. ಬೋರ್ಡ್ ಗೋಡೇಲಿ ತಮಾಷೆಗೆ ಇರ್ಲಿ, ಸಾಸ್ ಬಾಟಲೀಲಿ ಇರ್ಲಿ.

ಯಾಕಿಟೋರಿ ಮಾಡೋರಿಗೆ ಬಚ್ಚಿಡಬೇಕಾದ ಆಸ್ತಿ ತಾರೆ ಸಾಸ್. ಸೋಯಾ ಸಾಸ್ ಮತ್ತು ಮಿರಿನ್ (ಅಡುಗೆಗೆ ಬಳಸೋ ಸಿಹಿ ಅಕ್ಕಿ ಮದ್ಯ) ಸಮಸಮ, ಅರ್ಧ ಭಾಗ ಸಾಕೆ, ಸಕ್ಕರೆ, ಸುಟ್ಟ ಕೋಳಿ ಮೂಳೆ ಹಾಕಿ ಕಾಲು ಭಾಗ ಇಂಗೋವರೆಗೆ ಕುದಿಸಿ. ಹಳೇ ತಾರೆಗೆ ಹೊಸದು ಸೇರಿಸ್ತಾ ವರ್ಷಗಟ್ಟಲೆ ನಡೆಸೋರಿದ್ದಾರೆ. ನೀವೂ ಮಾಡಿ, ಆದ್ರೆ ದಿನಾ ಕುದಿಸ್ಬೇಕು, ಹಸಿ ಮಾಂಸದ ಕಡ್ಡಿ ಯಾವತ್ತೂ ಅದರೊಳಗೆ ಹೋಗಬಾರದು, ಬೆಂದ್ಮೇಲಷ್ಟೇ.

ಹೆಜ್ಜೆ 7: ಈಗ ಟ್ವಿಸ್ಟ್

ಮೇಲಿನದ್ದೆಲ್ಲ ಸಾದಾ ರೂಪದಲ್ಲಿ ಕೈಗೆ ಬಂದ್ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಯಾವ ಐಡಿಯಾ ಬಂದ್ರೂ ಎರಡು ಪ್ರಶ್ನೆ ಕೇಳ್ಕೊಳ್ಳಿ. ಟ್ವಿಸ್ಟ್ ತೆಗೆದುಹಾಕಿದ್ರೂ ತಿಂಡಿ ತಾನಾಗೇ ನಿಲ್ಲುತ್ತಾ? ಇದರಿಂದ ಬೆಂಕಿಯಿಂದ ಬಾಯಿಗೆ ಹೋಗೋ ಟೈಮ್ ಜಾಸ್ತಿ ಆಗುತ್ತಾ? ಎರಡನೇದಕ್ಕೆ ಹೌದು ಅಂತ ಬಂದ್ರೆ ಎಷ್ಟೇ ಚಂದ ಇದ್ರೂ ಬಿಟ್ಟುಬಿಡಿ, ಚಿಮುಟ ಹಿಡಿದು ಹೂವಿನ ಎಸಳು ಜೋಡಿಸೋಷ್ಟರಲ್ಲಿ ಟಾಕೋಯಾಕಿ ಕುಗ್ಗಿ ಚಪ್ಪಟೆ ಆಗಿರುತ್ತೆ.

ನನಗೆ ಸರಿ ಅನ್ಸೋ ಕೆಲವು: ಟಾಕೋಯಾಕೀಲಿ ಆಕ್ಟೋಪಸ್ ಬದಲು ಬೆಣ್ಣೆ, ಸೋಯಾ ಸಾಸಲ್ಲಿ ಹುರಿದ ಕಿಂಗ್ ಆಯ್ಸ್ಟರ್ ಅಣಬೆ, ಕಚ್ಚಿದ್ರೆ ಹೆಚ್ಚುಕಮ್ಮಿ ಅದೇ ಜಗಿತ. ಆಕ್ಟೋಪಸ್ ರೇಟ್ ಏರಿರೋ ಕಾಲಕ್ಕೆ ಇದು ಕೈ ಹಿಡಿಯುತ್ತೆ, ಜಪಾನೇ ತನಗೆ ಬೇಕಾದ ಆಕ್ಟೋಪಸ್‌ನಲ್ಲಿ ದೊಡ್ಡ ಪಾಲನ್ನ ಮಾರಿಟಾನಿಯಾ, ಮೊರಾಕ್ಕೊ ಕಡೆಯಿಂದ ತರಿಸ್ಕೊಳ್ಳುತ್ತೆ. ಇನ್ನೊಂದು, ಸಾಸ್ ಪೂರ್ತಿ ಬಿಟ್ಟು ಆಕಾಶಿಯವರ ತರ ಬಿಸಿ ದಾಶಿ ಬಟ್ಟಲು ಪಕ್ಕಕ್ಕಿಟ್ಟು ಅದ್ದಿ ತಿನ್ನೋದು, ಇದು ಹಳೇದೇ, ಆದ್ರೆ ಸಾಸ್ ಮೇಯೋ ನೋಡಿ ನೋಡಿ ಸಾಕಾದವರಿಗೆ ಇದೇ ಹೊಸದು. ಕರಾಗೆಯನ್ನ ಮೆತ್ತನೆ ಹಾಲಿನ ಬ್ರೆಡ್ ಮಧ್ಯೆ ಇಟ್ಟು ಯುಝು ಕೋಶೋ ಕಲಸಿದ ಕೋಸಿನ ಸಲಾಡ್ ಜೊತೆ ಸ್ಯಾಂಡೊ (ಜಪಾನಿ ಸ್ಯಾಂಡ್‌ವಿಚ್) ಮಾಡಿ, ಯುಝು ಅನ್ನೋ ನಿಂಬೆ ಜಾತಿ ಹಣ್ಣಿನ ಸಿಪ್ಪೆ, ಮೆಣಸಿನಕಾಯಿ, ಉಪ್ಪಿನ ಆ ಪೇಸ್ಟ್ ಕರಿದದ್ದರ ಜಿಡ್ಡನ್ನ ಕತ್ತರಿಸಿ ಹಾಕುತ್ತೆ. ಒಕೊನೊಮಿಯಾಕಿ ಹಿಟ್ಟನ್ನ ವಾಫಲ್ ಮೆಷಿನ್‌ಗೆ ಹಾಕಿದ್ರೆ ಎರಡೂ ಕಡೆ ಗರಿ, ಸಾಸ್ ನಿಲ್ಲೋಕೆ ಗುಳಿ, ಕೈಯಲ್ಲಿ ಹಿಡಿದು ತಿನ್ನಬಹುದು.

ಬೇಡ ಅನ್ಸೋದು: ಎಲ್ಲದಕ್ಕೂ ಟ್ರಫಲ್ ಎಣ್ಣೆ. ದಾಶಿ ವಾಸನೆ ಮುಚ್ಚಿಹೋಗುತ್ತೆ, ಮತ್ತೆ ದಾಶಿ ಮಾಡಿದ್ದಾದ್ರೂ ಯಾಕೆ. ಚೀಸ್ ಮಳೆನೂ ಅಷ್ಟೇ, ಒಂದು ಐಟಂಗೆ ಇರ್ಲಿ.

ಸಿಹಿ, ಕುಡಿಯೋದು

ಸಿಹಿಗೆ ಒಂದೇ ಸಾಕು, ಟೈಯಾಕಿ, ಮೀನಿನ ಅಚ್ಚಲ್ಲಿ ಕೆಂಪು ಅಜುಕಿ ಕಾಳಿನ ಹೂರಣ ತುಂಬಿ ಸುಡೋದು, ಟೋಕಿಯೋದ ಆಝಾಬು ಕಡೆಯ ನಾನಿವಾಯಾ ಅಂಗಡಿ 1909ರಿಂದ ಮಾಡ್ತಿದೆ. ಒಂದೊಂದೇ ಅಚ್ಚಲ್ಲಿ ಸುಟ್ಟಿದ್ದಕ್ಕೆ ಅಲ್ಲಿನ ಟೈಯಾಕಿ ಹುಚ್ಚರು "ಕಾಡು ಮೀನು", ದೊಡ್ಡ ಪ್ಲೇಟಲ್ಲಿ ಒಟ್ಟಿಗೆ ಸುಟ್ಟಿದ್ದಕ್ಕೆ "ಸಾಕಿದ ಮೀನು" ಅಂತಾರೆ. ನಿಮಗೆ ಸಾಕಿದ ಮೀನೇ ಸಾಕು. ಬಾಯಿ ತೆರೆದ ಅಚ್ಚು ತಗೊಂಡು ಹೋಜಿಚಾ (ಹುರಿದ ಗ್ರೀನ್ ಟೀ) ಸಾಫ್ಟ್ ಐಸ್‌ಕ್ರೀಂ ತುಂಬಿದ್ರೆ ಟ್ವಿಸ್ಟ್ ಮುಗೀತು. ಕುಡಿಯೋಕೆ ಗೋಲಿ ಒತ್ತಿ ತೆರೆಯೋ ರಾಮುನೆ ಬಾಟಲಿ, ತಣ್ಣನೆ ಟೀ, ಲೈಸೆನ್ಸ್ ಇದ್ರೆ ವಿಸ್ಕಿ ಹೈಬಾಲ್, ಒಂದಕ್ಕೆ ಮೂರೂವರೆ ಸೋಡಾ.

ಹೆಜ್ಜೆ 8: ಸಸ್ಯಾಹಾರಿಗಳು, ಅಲರ್ಜಿ

ಇಲ್ಲಿ ಸುಳ್ಳು ಹೇಳಬಾರದು. ಆಕ್ಟೋಪಸ್ ತೆಗೆದು ಕಾರ್ನ್ ಹಾಕಿದ ಮಾತ್ರಕ್ಕೆ ಟಾಕೋಯಾಕಿ ವೆಜ್ ಆಗಲ್ಲ, ಹಿಟ್ಟಿನ ದಾಶೀಲಿ ಮೀನು ಇದೆ, ಮೇಲೆ ಕುಣಿಯೋದೂ ಮೀನೇ. ಸಸ್ಯಾಹಾರಿಗಳಿಗೆ ಕೊಂಬು ಮತ್ತು ಒಣ ಶಿಟಾಕೆ ಅಣಬೆ ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿದ ದಾಶಿ ಮಾಡಿ, ಬೌದ್ಧ ಮಠಗಳ ಅಡುಗೇಲಿ ನಡೆಯೋದು ಇದೇ, ಶಿಟಾಕೆಯ ಗ್ವಾನಿಲೇಟ್ ಕತ್ಸುಓಬುಶಿಯ ಕೆಲಸ ಮಾಡುತ್ತೆ. ಹಿಟ್ಟು ಬೇರೆ, ಕಾವಲಿ ಬೇರೆ, ಕಡ್ಡಿ ಬೇರೆ. ಕಾವಲಿ ಬೇರೆ ಇಡೋಕೆ ಆಗದಿದ್ರೆ ವೆಜ್ ಅಂತ ಬರೀಬೇಡಿ. ವುಸ್ಟರ್ ಸಾಸ್‌ಗಳಲ್ಲಿ ಆಂಚೊವಿ ಮೀನು ಇರೋದುಂಟು, ಲೇಬಲ್ ಓದಿ.

ಮಿರಿನ್, ಸಾಕೆ ಎರಡರಲ್ಲೂ ಆಲ್ಕೋಹಾಲ್ ಇದೆ, ಅಸಲಿ ಮಿರಿನ್‌ನಲ್ಲಿ ಸುಮಾರು 14%, ಧರ್ಮದ ಕಾರಣಕ್ಕೆ ಬೇಡ ಅನ್ನೋರಿಗೆ ಇದು ಗೊತ್ತಾಗ್ಬೇಕು. ಸೋಯಾ ಸಾಸಲ್ಲಿ ಗೋಧಿ ಇರುತ್ತೆ. ಯಾಕಿಸೋಬಾದ ನೂಡಲ್ಸ್ ಗೋಧಿದೇ, ಸೋಬಾ ಅಂತ ಹೆಸರಿದ್ರೂ ಅದ್ರಲ್ಲಿ ಬಕ್‌ವೀಟ್ ಇರಲ್ಲ, ಸಿಬ್ಬಂದಿಗೆ ಈ ಎರಡೂ ಬಾಯಿಪಾಠ ಇರ್ಬೇಕು.

ಹೆಜ್ಜೆ 9: ಬಡಿಸೋದು, ಪಾರ್ಸಲ್, ಲೆಕ್ಕ

ತೆಳು ಮರದ ದೋಣಿ ಆಕಾರದ ತಟ್ಟೆ ಚಂದ ಕಾಣುತ್ತೆ ಅಂತಷ್ಟೇ ಅಲ್ಲ, ಮರ ಹಬೆಯ ನೀರು ಹೀರ್ಕೊಳ್ಳುತ್ತೆ, ಪ್ಲಾಸ್ಟಿಕ್ ತಟ್ಟೇಲಿ ಅದೇ ನೀರು ಕೆಳಗೆ ನಿಂತು ತಳ ಒದ್ದೆ. ಡೆಲಿವರಿಗೆ ಟಾಕೋಯಾಕಿ ಕೊಡ್ಲೇಬೇಡಿ ಅನ್ನೋದು ನನ್ನ ಅಭಿಪ್ರಾಯ. ಆ್ಯಪ್‌ಗೆ ಯಾಕಿಸೋಬಾ, ಕರಾಗೆ ಸ್ಯಾಂಡೊ ಇಡಿ, ಅರ್ಧ ಗಂಟೆ ತಡೆಯುತ್ತೆ, ಡಬ್ಬಿ ಮುಚ್ಚಳಕ್ಕೆ ಎರಡು ತೂತು ಮಾಡಿ.

ಸಾಮಾನಿನ ಖರ್ಚು ಮಾರೋ ರೇಟ್‌ನ 30% ಆಸುಪಾಸು ಇರ್ಲಿ ಅನ್ನೋದು ಹೋಟೆಲ್ ಲೈನ್‌ನ ಸಾಮಾನ್ಯ ಲೆಕ್ಕ. ಹಿಟ್ಟಿನ ತಿಂಡಿಗಳಲ್ಲಿ ಹಿಟ್ಟು, ಕೋಸು ಅಗ್ಗ, ದುಡ್ಡು ಹೋಗೋದು ಆಕ್ಟೋಪಸ್, ಕತ್ಸುಓಬುಶಿ, ಆಮದು ಸಾಸ್, ಮೇಯೋಗೆ. ಅದಕ್ಕೇ ಮೇಯೋ ಬಾಟಲಿ ಮೂತಿ ಸಣ್ಣ ಇರ್ಲಿ, ಸಣ್ಣ ಮೂರು ತೂತಿನ ಮೂತಿ ಹಾಕಿದ್ರೆ ಕಮ್ಮಿ ಮೇಯೋದಲ್ಲಿ ಜಾಸ್ತಿ ಗೆರೆ ಬರುತ್ತೆ, ನೋಡೋಕೂ ಚಂದ. ಓಪನಿಂಗ್ ದಿನ ಹನ್ನೆರಡೂ ಐಟಂ ಇಳಿಸಬೇಡಿ, ಮೊದಲ ಎರಡು ವಾರ ಐದು ಐಟಂ ಸಾದಾ ರೂಪದಲ್ಲಿ, ಟ್ವಿಸ್ಟ್ ಒಂದೇ, ಅದೂ ಬೋರ್ಡ್ ಮೇಲೆ ಚಾಕಲ್ಲಿ ಬರೆದು. ಓಡಿದ್ರೆ ಪ್ರಿಂಟ್ ಮಾಡ್ಸಿ, ಓಡದಿದ್ರೆ ಒರೆಸಿ.

ಹೆಜ್ಜೆ 10: ರಾತ್ರಿ ಬಾಗಿಲು ಹಾಕೋ ಮೊದಲು

ಕಬ್ಬಿಣದ ಕಾವಲಿಗೆ ಸೋಪು ಬೇಡ, ಬಿಸಿ ಇರೋವಾಗ್ಲೇ ಕೆರೆದು, ಒರೆಸಿ, ತೆಳ್ಳಗೆ ಎಣ್ಣೆ. ಎಕ್ಸಾಸ್ಟ್ ಫಿಲ್ಟರ್ ದಿನಾ ತೊಳೀಬೇಕು, ಸಾಸ್ ಸುಟ್ಟ ಹೊಗೇಲಿ ಸಕ್ಕರೆ ಮತ್ತು ಜಿಡ್ಡು ಎರಡೂ ಇರೋದ್ರಿಂದ ಬೇಗ ಅಂಟುತ್ತೆ.

ಕೊನೇದು ತೆಂಕಾಸು. ಅಂಗಡೀಲೇ ಕರಿದು ತೆಗೆದ ಚೂರನ್ನ ಬಿಸಿ ಬಿಸಿ ಇರೋವಾಗ ಡಬ್ಬಿಗೋ ಕಸದ ಚೀಲಕ್ಕೋ ರಾಶಿ ಹಾಕಿ ಹೋಗೋ ಅಭ್ಯಾಸ ಇದೆಯಲ್ಲ, ಅದು ನಿಜವಾಗ್ಲೂ ಡೇಂಜರ್. ರಾಶಿಯೊಳಗೆ ಎಣ್ಣೆ ಗಾಳಿ ಜೊತೆ ಸೇರಿ ತಾನೇ ಬಿಸಿ ಆಗ್ತಾ ಹೋಗುತ್ತೆ, ಆ ಬಿಸಿ ಹೊರಗೆ ಹೋಗೋಕೆ ದಾರಿ ಇರಲ್ಲ, ಗಂಟೆಗಳಾದ್ಮೇಲೆ ಯಾರೂ ಇಲ್ಲದ ಹೊತ್ತಲ್ಲಿ ತಾನಾಗೇ ಹೊತ್ಕೊಳ್ಳುತ್ತೆ, ಜಪಾನ್‌ನ ಅಗ್ನಿಶಾಮಕದವರು ಇದರ ಬಗ್ಗೆ ಹೋಟೆಲ್‌ನವರಿಗೆ ಎಚ್ಚರಿಕೆ ಕೊಡ್ತಾನೇ ಇರ್ತಾರೆ. ಬಳಸೋ ತೆಂಕಾಸನ್ನ ಅಗಲ ಟ್ರೇಲಿ ತೆಳ್ಳಗೆ ಹರಡಿ ಪೂರ್ತಿ ತಣ್ಣಗಾದ್ಮೇಲೆ ಡಬ್ಬಿಗೆ ಹಾಕಿ. ಬಿಸಾಡೋದನ್ನ ಆರಿದ್ಮೇಲೆ ನೀರು ಹಾಕಿ ನೆನೆಸಿ, ಆಮೇಲೆ ಮುಚ್ಚಳ ಇರೋ ಲೋಹದ ಡಬ್ಬಿಗೆ.